ರೊಟ್ಟಿ ಪೆಟ್ಟಿಗೆಯ ಸಾಕ್ಷಿ

ಆ ಮನುಷ್ಯ ನಮಗೆ ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ವಿಷಯ ಎತ್ತಿದ ಕೂಡಲೇ ಜನ ‘ಮೋಸ ಮಾಡಿದನೇನು?’ ಎಂದು ಕಣ್ಣರಳಿಸುತ್ತಾರೆ. ಮೋಸ ಮಾಡಿದ್ದರೆ ನನಗೆ ಬೈಯುವುದಾದರೂ ಸುಲಭವಾಗುತ್ತಿತ್ತು. ಅವನು ನಮ್ಮ ಮನೆಯಲ್ಲಿ ಊಟಕ್ಕೆ ಕೂತು, ಅಳೆಯದೆ, ಯಾರನ್ನೂ ವಿಚಾರಿಸದೆ, ಬಾಯಿಗೆ ಬಂದ ದರ ಹೇಳಿದ. ನಾವು ಅದನ್ನು ನಂಬಿ ವ್ಯವಹಾರ ಮಾಡಿದೆವು. ನಡೆದದ್ದು ಇಷ್ಟೇ. ಇಷ್ಟನ್ನು ರುಜುವಾತು ಮಾಡಲು ಹೋಗಿ, ಮನೆಯೊಳಗೆ ಮುಚ್ಚಿಟ್ಟುಕೊಂಡದ್ದೆಲ್ಲ ನಾಲ್ಕು ಜನರ ಮುಂದೆ ಬಿತ್ತು.

ಅಕ್ಕ ಎಂದರೆ ನನ್ನ ಗಂಡನ ಅಕ್ಕ. ನಾನೂ ಹಾಗೇ ಕರೆಯುತ್ತೇನೆ. ತನ್ನ ಗಂಡ ತೀರಿಕೊಂಡ ವರ್ಷ ವಿಜಯಪುರದ ಕಡೆಯ ಬಸ್ಸಿನಲ್ಲಿ ಬಂದು ಪುಣೆಯ ಕಾತ್ರಜದಲ್ಲಿ ಇಳಿದವಳು ಮತ್ತೆ ತಿರುಗಿ ಹೋಗಲಿಲ್ಲ. ನಮ್ಮದು ಒಂದು ಹಾಲ್, ಒಂದು ಮಲಗುವ ಕೋಣೆ, ಒಂದು ಅಡುಗೆಮನೆ. ಅಕ್ಕ ಮಲಗುವುದು ಹಾಲ್‌ನಲ್ಲಿರುವ ದಿವಾನದ ಮೇಲೆ, ಅದೂ ನನ್ನ ಗಂಡನ ಟಿವಿ ಮುಗಿದ ಮೇಲೆ. ಅವಳ ಸೀರೆಗಳು ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿ. ಬೆಳಿಗ್ಗೆ ಹಾಲಿನವನು ಬಂದರೂ ಎದ್ದು ಹಾಸಿಗೆ ಮಡಚಬೇಕು. ನಮ್ಮ ಮಗಳನ್ನು ಅವಳೇ ಬೆಳೆಸಿದಳು, ಮಗಳು ಮದುವೆಯಾಗಿ ಹೋದಳು, ದಿವಾನ ಮಾತ್ರ ಇದ್ದಲ್ಲೇ ಇತ್ತು.

ನಮ್ಮ ಮಂದಿ ಸೇರಿದಲ್ಲೆಲ್ಲ ಯಾರಾದರೊಬ್ಬರು ನನ್ನ ಗಂಡನನ್ನು ತೋರಿಸಿ, “ಅಕ್ಕನ್ನ ತಾಯಿ ಹಂಗ ನೋಡ್ಕೊಂಡಾರ ನೋಡ್ರಿ, ಈಗಿನ ಕಾಲದಾಗ ಯಾರ ನೋಡ್ತಾರ?” ಅನ್ನುವರು. ಇವರು ತಲೆ ತಗ್ಗಿಸಿ, “ಅದರಾಗೇನ್ರಿ, ಅದು ನಮ್ಮ ಕರ್ತವ್ಯ” ಅನ್ನುವರು. ಆ ಹೊತ್ತಿಗೆ ಅವರ ಮುಖ ನೋಡಬೇಕು, ಈಗ ತಾನೇ ಎಣ್ಣೆಸ್ನಾನ ಮಾಡಿ ಬಂದವರ ಹಾಗೆ ಹೊಳೆಯುತ್ತಿರುತ್ತದೆ. ಆ ಕರ್ತವ್ಯಕ್ಕೆ ಅಡುಗೆ ಮಾಡುತ್ತಿದ್ದವಳು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ಹೋಗಲಿ.

ಅಕ್ಕನ ಕೈಯ ಕಡಕ್ ರೊಟ್ಟಿ ನಮ್ಮ ಕಟ್ಟಡದಲ್ಲಿ ಮೊದಲು ಹೆಸರಾಯಿತು, ಆಮೇಲೆ ಓಣಿಯಲ್ಲಿ. ಕೆಳಗಿನ ಮಹಡಿಯಲ್ಲಿ ಒಂದು ಚಿಕ್ಕ ಕೋಣೆ ಬಾಡಿಗೆಗೆ ಹಿಡಿದು, ನಮ್ಮ ಕಡೆಯ ಇನ್ನಷ್ಟು ಹೆಂಗಸರನ್ನು ಸೇರಿಸಿಕೊಂಡು, ಅಕ್ಕ ರೊಟ್ಟಿಯ ಕಸುಬನ್ನೇ ಶುರು ಮಾಡಿದಳು. ಮರಾಠಿಯಲ್ಲಿ ಮಾತಾಡುವುದು, ಹಿಟ್ಟು ತರಿಸುವುದು, ಅಂಗಡಿಯವರ ಜೊತೆ ಜಗಳಾಡುವುದು ನನ್ನ ಪಾಲಿನ ಕೆಲಸ. ಬಂದ ಲಾಭದಲ್ಲಿ ಅವಳು ತನ್ನ ಪಾಲನ್ನು ಬ್ಯಾಂಕಿನಲ್ಲಿ ಇಡುತ್ತಿದ್ದಳು. ಯಾತಕ್ಕೆ ಎಂದು ನಾನು ಕೇಳಿದಾಗ ಅಕ್ಕ, “ಒಂದು ಖೋಲಿ ಹಿಡಿಯೂದದ. ಡಿಪಾಜಿಟ್ ಕೊಡಬೇಕಲ್ಲ” ಅಂದಳು. ಹಿಂದಿನ ಓಣಿಯಲ್ಲಿ ಡೈರಿಯ ಮಗ್ಗುಲಿಗೆ ಒಂದು ಕೋಣೆ ನೋಡಿಟ್ಟಿದ್ದಳು. “ನಮ್ಮನಿಯಾಗೇನು ಕಡಿಮಿ ಆಗೇದ?” ಎಂದು ನಾನು ಕೇಳಿದೆ. “ಏನೂ ಕಡಿಮಿ ಆಗಿಲ್ಲ. ಬಾಗಲಾ ನಾನs ಹಾಕ್ಕೊಂಡು ಮಲಗಬೇಕು ಅನಸ್ತದ, ಇಷ್ಟs.” ನನಗೆ ಅರ್ಥವಾಯಿತು. ತಮ್ಮನಿಗೆ ಹೇಳಿದಾಗ ಇವರು ನಕ್ಕು, “ಮಂದಿ ನನ್ನ ಮಾರಿ ಮ್ಯಾಲೆ ಉಗುಳ್ತಾರ ಅಕ್ಕಾ” ಎಂದು ಮಾತು ಹಾರಿಸಿದರು. ಅಲ್ಲಿಗೆ ಆ ವಿಷಯ ಮನೆಯಲ್ಲಿ ಮುಗಿಯಿತು. ಅಕ್ಕನ ಮನಸ್ಸಿನಲ್ಲಿ ಮುಗಿಯಲಿಲ್ಲ.

ದುಬೈನಲ್ಲಿ ಅಂಗಡಿ ಇಟ್ಟುಕೊಂಡಿರುವ ನಮ್ಮ ಕಡೆಯವರೊಬ್ಬರು ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕೆಂದು ಫೋನ್ ಮಾಡಿದರು. ದೊಡ್ಡ ಆರ್ಡರು. ಅವರದು ಒಂದೇ ಷರತ್ತು: ವಿಮಾನದ ಖರ್ಚೂ ಸೇರಿಸಿ ಒಂದೇ ದರ ಹೇಳಬೇಕು, ಹೇಳಿದ ಮೇಲೆ ಏರಿಸಬಾರದು. ರೊಟ್ಟಿಯ ಖರ್ಚು ನಮಗೆ ಗೊತ್ತು, ವಿಮಾನದ ಖರ್ಚು ಯಾರಿಗೆ ಗೊತ್ತು? ಇವರು, “ನಮ್ಮಾಂವಾ ಇದ್ದಾನಲ್ಲ” ಎಂದು ಏಜೆಂಟನನ್ನು ಭಾನುವಾರದ ಊಟಕ್ಕೆ ಕರೆದರು.

ಏಜೆಂಟ್ ನಮ್ಮ ಜಿಲ್ಲೆಯವನೇ. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳ ಮಾಲನ್ನು ಹೊರದೇಶಕ್ಕೆ ಕಳಿಸಿಕೊಡುವ ಅವನ ಕಚೇರಿ ನನ್ನ ಗಂಡನ ಆಫೀಸಿನ ಹತ್ತಿರವೇ ಇತ್ತು, ಹಾಗೆ ಪರಿಚಯ. ಅವನು ನನ್ನ ಗಂಡನಿಗೆ ಅಣ್ಣಾರ, ನನಗೆ ವೈನಿ, ಅಕ್ಕನಿಗೆ ಅಕ್ಕಾರ ಅನ್ನುವನು. ಹಬ್ಬ ಹುಣ್ಣಿಮೆಗೆ ನಮ್ಮಲ್ಲೇ ಉಣ್ಣುವನು. ನಾನು ಖಾಲಿ ರಟ್ಟಿನ ಪೆಟ್ಟಿಗೆ ಕೊಳ್ಳುವಾಗಲೂ ಮೂರು ಕಡೆ ದರ ಕೇಳಿ, ಬರೆಸಿಕೊಂಡು, ಆಮೇಲೆ ಚೌಕಾಸಿ ಮಾಡುವವಳು. ಆದರೆ ಉಣ್ಣಲು ಕೂತ ನಮ್ಮವನ ಮುಂದೆ ‘ಬರೆದು ಕೊಡಪ್ಪ’ ಅನ್ನುವುದು ನಮ್ಮ ಮಂದಿಯಲ್ಲಿ ಇಲ್ಲ. ಅಂದರೆ ಅವನು ಕೈತೊಳೆದು ಎದ್ದು ಹೋಗುತ್ತಾನೆ, ಹೋದದ್ದೇ ಸರಿ ಎಂದು ಎಲ್ಲರೂ ಅನ್ನುತ್ತಾರೆ. ಬೇರೆಯವರ ಹತ್ತಿರವೂ ಒಮ್ಮೆ ದರ ಕೇಳಿ ನೋಡೋಣ ಎಂದು ನಮಗಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ನಾಚಿಕೆಯಿಂದ ಸುಮ್ಮನಿರುತ್ತಿದ್ದೆವು.

ಅವತ್ತು ಹಾಲ್‌ನಲ್ಲಿ ಒಂದು ಪೆಟ್ಟಿಗೆ ತುಂಬಿ ಇಟ್ಟಿತ್ತು. ಕಡಕ್ ರೊಟ್ಟಿಯನ್ನು ಅಲುಗಾಡದಂತೆ ತುಂಬಬೇಕು, ಇಲ್ಲದಿದ್ದರೆ ಮುಟ್ಟುವ ಹೊತ್ತಿಗೆ ಪುಡಿಯಾಗಿರುತ್ತದೆ. ಅದಕ್ಕೇ ಸುತ್ತ ನಾಲ್ಕೂ ಕಡೆ ಕಾಗದದ ಚೂರು ಒತ್ತಿದ್ದೆವು. ಅರ್ಧ ಪೆಟ್ಟಿಗೆ ರೊಟ್ಟಿ, ಉಳಿದರ್ಧ ಕಾಗದ, ಗಾಳಿ. ನಾನು ಅಡುಗೆಮನೆಯಲ್ಲಿ ಅವನಿಗೆಂದು ಬಿಸಿ ರೊಟ್ಟಿ ಬಡಿಯುತ್ತಿದ್ದೆ. ರೊಟ್ಟಿ ಬಡಿಯುವ ಸಪ್ಪಳದಲ್ಲಿ ಹಾಲ್‌ನ ಮಾತು ಕೇಳುವುದಿಲ್ಲ. ನನಗೆ ಕೇಳಿಸಿದ್ದು ನಗು ಮಾತ್ರ. ಆಮೇಲೆ ಅಕ್ಕ ಒಳಗೆ ಬಂದು ಹೇಳಿದಳು: ಅವನು ಒಂದೇ ಕೈಯಲ್ಲಿ ಪೆಟ್ಟಿಗೆ ಎತ್ತಿ, “ಇದರಾಗೇನು ಹೂವು ತುಂಬೀರೇನ್ರಿ ಅಕ್ಕಾರ?” ಅಂದನಂತೆ, ಕಿಲೋಗೆ ಇಷ್ಟು ಬೀಳುತ್ತದೆ ಎಂದನಂತೆ. “ಹಾಂಗಾರ ಅವರಿಗೆ ದರಾ ಹೇಳಿಬಿಡ್ಲೇನಪಾ?” ಎಂದು ಅಕ್ಕ ಕೇಳಿದ್ದಕ್ಕೆ, “ಕಣ್ಣ ಮುಚ್ಚಿ ಹೇಳಿಬಿಡ್ರಿ” ಅಂದನಂತೆ. ಅಕ್ಕ ಅವತ್ತೇ ದುಬೈಗೆ ದರ ಹೇಳಿಬಿಟ್ಟಳು.

ಪೆಟ್ಟಿಗೆಗಳು ಮುಂಬಯಿಯ ವಿಮಾನ ನಿಲ್ದಾಣ ತಲುಪಿದ ಮೇಲೆ ವಿಮಾನ ಕಂಪನಿಯ ಬಿಲ್ಲು ಬಂತು. ಅವನು ಹೇಳಿದ್ದರ ಮೂರು ಪಟ್ಟಿಗೂ ಮೇಲೆ. ವಿಮಾನದಲ್ಲಿ ಹಗುರಾದ ಮಾಲಿಗೆ ತೂಕದ ಲೆಕ್ಕ ಹಿಡಿಯುವುದಿಲ್ಲವಂತೆ, ಅದು ತಿನ್ನುವ ಜಾಗದ ಲೆಕ್ಕ ಹಿಡಿಯುತ್ತಾರಂತೆ. ನಾವು ಗಾಳಿಗೂ ಕಾಗದದ ಚೂರಿಗೂ ಬಾಡಿಗೆ ಕೊಡಬೇಕಾಗಿತ್ತು. ಅಕ್ಕ ಫೋನ್ ಮಾಡಿ ಕೇಳಿದಾಗ ಏಜೆಂಟನೂ ಗಾಬರಿಯಾದ. “ನಾ ಹುಟ್ಟಾ ಕಬ್ಬಿಣ ಕಳಿಸಿದಾಂವಾ ಅಕ್ಕಾರ. ಕಬ್ಬಿಣಕ್ಕ ತೂಕದ್ದs ಲೆಕ್ಕ. ಇದು ಲಕ್ಷ್ಯಕ್ಕ ಬರಲಿಲ್ರಿ” ಅಂದನಂತೆ. ಯಂತ್ರದ ಬಿಡಿಭಾಗ ಕಳಿಸುವವನು ರೊಟ್ಟಿಯನ್ನೂ ಕಬ್ಬಿಣದ ಹಾಗೆ ಎಣಿಸಿಬಿಟ್ಟಿದ್ದ. ಆ ನಿಯಮ ಅವನಿಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಪೆಟ್ಟಿಗೆ ಕೈಯಲ್ಲಿ ಎತ್ತಿ, ಹಗುರ ಎಂದು ಹಾಡಿ ಹೊಗಳಿ, ಆದರೂ ಯೋಚಿಸಲಿಲ್ಲ. ಇದು ನೆನಪಾದರೆ ನನಗೆ ಇವತ್ತೂ ಮೈ ಉರಿಯುತ್ತದೆ.

ದುಡ್ಡು ಕಟ್ಟದಿದ್ದರೆ ಮಾಲು ವಾಪಸು ಬರುತ್ತದೆ; ದುಬೈಯವರ ಹಬ್ಬ ಕೆಡುತ್ತದೆ. ಅಕ್ಕ, “ಮಾತ ಕೊಟ್ಟಾಕಿ ನಾನು” ಎಂದು ಬ್ಯಾಂಕಿಗೆ ಹೋಗಿ ಕೋಣೆಗೆಂದು ಇಟ್ಟ ದುಡ್ಡನ್ನೆಲ್ಲ ತೆಗೆದು ಕಟ್ಟಿದಳು. ಡೈರಿಯ ಮಗ್ಗುಲಿನ ಕೋಣೆಗೆ ಬೇರೆಯವರು ಬಂದರು. ಏಜೆಂಟ್ ಮೊದಲು, “ನೋಡೂಣ್ರಿ, ಏನರೆ ಮಾಡೂಣು” ಅನ್ನುತ್ತಿದ್ದವನು ನಿಧಾನವಾಗಿ ಫೋನ್ ಎತ್ತುವುದನ್ನೇ ಬಿಟ್ಟ.

ವಕೀಲರ ಹತ್ತಿರ ಹೋಗೋಣ ಎಂದವಳು ನಾನು. ಶಿವಾಜಿನಗರದಲ್ಲಿ ಒಬ್ಬ ಮರಾಠಿ ಹೆಂಗಸು, ನನ್ನಷ್ಟೇ ವಯಸ್ಸು, ನನ್ನಷ್ಟೇ ಸಿಡುಕು. ಆಕೆ ಎಲ್ಲ ಕೇಳಿ, ಅವನು ಸುಳ್ಳು ಹೇಳಿದನೆಂದು ತೋರಿಸಬೇಕಾಗಿಲ್ಲ ಎಂದರು. ಅದು ಗೊತ್ತಿರಬೇಕಾದ ಕಸುಬಿನವನು, ವಿಚಾರಿಸದೆ ಹೇಳಿದ, ನೀವು ಅದರ ಮೇಲೆ ವ್ಯವಹಾರ ಮಾಡುತ್ತೀರೆಂದು ತಿಳಿದೇ ಹೇಳಿದ, ನೀವು ನಂಬಿದಿರಿ, ನಂಬಿ ಕಳೆದುಕೊಂಡಿರಿ. ಇಷ್ಟು ತೋರಿಸಿದರೆ ಸಾಕು. “ಬರವಣಿಗೆಯಲ್ಲಿ ಏನಿದೆ?” ಎಂದರು. ಏನೂ ಇಲ್ಲ ಎಂದೆ. ಆಕೆ ಪೆನ್ನು ಕೆಳಗಿಟ್ಟು, “ಅವನು ಹೇಳಿದ್ದನ್ನು ನೀವು ಕಿವಿಯಾರೆ ಕೇಳಿದಿರಾ?” ಅಂದರು. ಹೌದು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಕೂತ ಅಕ್ಕ, ಮರಾಠಿ ಅಷ್ಟಾಗಿ ತಿಳಿಯದಿದ್ದರೂ, ನನ್ನ ಮೊಣಕೈ ಹಿಡಿದಳು. ಇಲ್ಲ ಎಂದೆ. ಹಾಗಾದರೆ ಕೇಳಿದವರು ಯಾರು? ಅಕ್ಕ, ಮತ್ತು ಅಕ್ಕನ ಜೊತೆ ಕೂತಿದ್ದ ನನ್ನ ಗಂಡ.

“ಚಲೋ ಆಯ್ತು,” ಅಂದೆ ನಾನು ಮನೆಗೆ ಬಂದು, “ನೀವು ಅವನ ದೋಸ್ತ. ನೀವು ಹೇಳಿದ್ರ ಯಾರೂ ಸುಳ್ಳ ಅನ್ನಂಗಿಲ್ಲ.”

ಇವರು ಚಹಾ ಆರಿಸಿಕೊಳ್ಳುತ್ತ, “ನೋಡೂಣು” ಅಂದರು.

ವಕೀಲರು ಕಳಿಸಿದ ನೋಟಿಸಿಗೆ ಏಜೆಂಟನ ಉತ್ತರ ಬಂತು. ಊಟದ ಹೊತ್ತಿಗೆ ಮನೆಯವನಂತೆ ಮಾತಾಡಿದ್ದೇನೆಯೇ ಹೊರತು ಕಸುಬಿನವನಾಗಿ ಯಾವ ದರವನ್ನೂ ಕೊಟ್ಟಿಲ್ಲ, ಪೆಟ್ಟಿಗೆ ಅಳತೆ ಮಾಡಿಸಿರಿ ಎಂದು ಸ್ಪಷ್ಟವಾಗಿ ಹೇಳಿದ್ದೆ ಎಂದು ಅದರಲ್ಲಿತ್ತು. ಅಲ್ಲಿಯವರೆಗೆ ಸುಳ್ಳು ಹೇಳದಿದ್ದವನು ಈಗ ಹೇಳಿದ. ನಾನು ಆ ಕಾಗದವನ್ನು ಅಕ್ಕನಿಗೆ ಓದಿ ಕನ್ನಡದಲ್ಲಿ ಹೇಳಿದೆ. “ಉಂಡ ಮನಿ” ಎಂದಷ್ಟೇ ಅಂದು ಹಿಟ್ಟು ನಾದಲು ಕೂತಳು.

ಕೋರ್ಟಿಗೆ ಹೋಗುವ ಮೊದಲು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ಪದ್ಧತಿ ಇದೆ. ಒಂದು ಉದ್ದ ಮೇಜು, ನೀರಿನ ಬಾಟಲಿಗಳು, ನಡುವೆ ಮಧ್ಯಸ್ಥಿಕೆ ಮಾಡುವ ಹಿರಿಯರೊಬ್ಬರು. ಆಚೆ ಬದಿ ಏಜೆಂಟ್ ಮತ್ತು ಅವನ ವಕೀಲ. ಈಚೆ ನಾವು ಮೂವರು, ನಮ್ಮ ವಕೀಲರು. ಏಜೆಂಟ್ ನಮ್ಮ ಕಡೆ ನೋಡಲಿಲ್ಲ. ಅಕ್ಕ ಹೇಳಿದ್ದನ್ನು ನಾನು ಮರಾಠಿಯಲ್ಲಿ ಹೇಳಿದೆ. ಹಿರಿಯರು ನನ್ನ ಗಂಡನ ಕಡೆ ತಿರುಗಿ, ಅವತ್ತು ಏನು ಮಾತಾಯಿತು ಎಂದು ಕೇಳಿದರು.

“ಆಠವತ ನಾಹೀ” ಅಂದರು ಇವರು. ನೆನಪಿಲ್ಲ.

ಸಂಗತಿ ಇಷ್ಟೇ ಎಂದು ನಾನು ಅಂದುಕೊಂಡೆ: ಗೆಳೆಯನ ವಿರುದ್ಧ ಬಾಯಿ ಬಿಡಲು ಹೆದರಿಕೆ, ನಾಳೆ ನಮ್ಮ ಮಂದಿಯ ನಡುವೆ ಕೂರಬೇಕಲ್ಲ. ಮನೆಗೆ ಬಂದ ಮೇಲೆ ಬಾಯಿಗೆ ಬಂದಂತೆ ಬೈದೆ. ನಿಮಗೆ ಅಕ್ಕನಿಗಿಂತ ಅವನ ದೋಸ್ತಿ ಹೆಚ್ಚೇ ಎಂದೆ, ಕರ್ತವ್ಯ ಅನ್ನುವ ಆ ಬಾಯಿ ಎಲ್ಲಿ ಹೋಯಿತು ಎಂದೆ. ಇವರು ಟಿವಿ ಹಚ್ಚಿಕೊಂಡು ಕೂತರು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಗೆದ್ದ ಜಗಳ ಅದೊಂದೇ, ಅದೂ ಅವರು ಆಡದೆ ಬಿಟ್ಟದ್ದರಿಂದ.

ಅಕ್ಕ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಇವರು ಆಫೀಸಿಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದಾಗ, ಡಬ್ಬಿ ಕೊಡಲು ಬಂದು ಅವರ ಮುಂದೆ ನಿಂತಳು.

“ತಮ್ಮಾ, ಸಾಕ್ಷಿ ಹೇಳು ಅಂತ ನಾ ಕೇಳಂಗಿಲ್ಲ. ಆದ್ರ ನೆನಪಿಲ್ಲ ಅನಬ್ಯಾಡ. ನೆನಪದ, ಹೇಳಂಗಿಲ್ಲ ಅನ್ನು. ನನ್ನ ಸುಳ್ಳಿ ಮಾಡಬ್ಯಾಡ.”

ಇವರು ಒಂದು ಬೂಟಿನ ಲೇಸು ಕಟ್ಟುವುದನ್ನು ಅರ್ಧಕ್ಕೇ ಬಿಟ್ಟು ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದರು. ನಾನು ಗ್ಯಾಲರಿಯಿಂದ ನೋಡಿದೆ. ಬಸ್‌ಸ್ಟಾಪಿನವರೆಗೂ ಆ ಲೇಸು ಹಾಗೇ ನೇತಾಡುತ್ತಿತ್ತು.

ಆಮೇಲಿನ ದಿನಗಳು ಕೆಟ್ಟವು. ಮೂವರು ಇರುವ ಮನೆಯಲ್ಲಿ ಇಬ್ಬರು ಮಾತು ಬಿಟ್ಟರೆ ಮೂರನೆಯವಳು ಹುಚ್ಚಿಯಾಗುತ್ತಾಳೆ. ಅಕ್ಕ ಎಂದಿನಂತೆ ತಮ್ಮನ ತಾಟಿಗೆ ರೊಟ್ಟಿ ಹಾಕುವಳು, ತುಪ್ಪ ಹಾಕುವಳು, ಇನ್ನೊಂದನ್ನು ಮುಂದೆ ಹಿಡಿಯುವಳು. ಇವರು ತಲೆ ಎತ್ತದೆ ಉಂಡು ಏಳುವರು. ರಾತ್ರಿ ಟಿವಿ ಹಚ್ಚುವುದನ್ನು ಬಿಟ್ಟರು. ಬೇಗ ಒಳಗೆ ಹೋಗಿ ದಿವಾನ ಖಾಲಿ ಮಾಡಿಕೊಡುವರು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು. ಇಷ್ಟು ವರ್ಷ ಇಲ್ಲದ ಮರ್ಯಾದೆ ಈಗ ಎಲ್ಲಿಂದ ಬಂತು ಎಂದು.

ಎರಡನೆಯ ಸಲ ಕೂತಾಗ ಹಿರಿಯರು ಕೇಳುವ ಮೊದಲೇ ಇವರು ಕೈ ಎತ್ತಿದರು. ನೀರು ಕುಡಿದರು. ಆಮೇಲೆ ಆಫೀಸಿನ ಮರಾಠಿಯಲ್ಲಿ, ನಿಧಾನವಾಗಿ, ಒಂದೊಂದಾಗಿ ಹೇಳಿದರು. ದರ ತಿಳಿಯಲೆಂದೇ ಇವನನ್ನು ಊಟಕ್ಕೆ ಕರೆದದ್ದು, ಕರೆಯುವಾಗ ಫೋನಿನಲ್ಲಿ ಹಾಗೆಂದೇ ಹೇಳಿದ್ದು, ಪೆಟ್ಟಿಗೆ ಎತ್ತಿದ್ದು, ಹೂವು ತುಂಬಿದ್ದೀರಾ ಎಂದದ್ದು, ಕಿಲೋದ ದರ, ಕಣ್ಣು ಮುಚ್ಚಿ ಹೇಳಿಬಿಡಿ ಎಂದದ್ದು. ಅಳತೆಯ ಮಾತು ಅವನು ಎತ್ತಲೇ ಇಲ್ಲ ಎಂದೂ ಹೇಳಿದರು. ನಮ್ಮ ವಕೀಲರು ಬರೆದುಕೊಳ್ಳುವುದನ್ನೂ ಮರೆತು ಕೂತಿದ್ದರು. ನಾನು ಅಕ್ಕನ ಕೈ ಹಿಡಿದುಕೊಂಡೆ.

ಏಜೆಂಟನ ವಕೀಲ ಮುಗುಳ್ನಕ್ಕ. ಹೋದ ಸಲ ನೆನಪಿರಲಿಲ್ಲ, ಈ ಸಲ ಅಕ್ಷರ ಅಕ್ಷರ ನೆನಪಿದೆ. ಮನೆಯಲ್ಲಿ ಇಬ್ಬರು ಹೆಂಗಸರು ಸೇರಿ ನೆನಪು ತಂದುಕೊಟ್ಟಿರಬೇಕು ಎಂದ. ಹಿರಿಯರಿಗೂ ಅದು ಸರಿ ಎನ್ನಿಸಿರಬೇಕು. ಹೋದ ಸಲ ಯಾಕೆ ಹಾಗೆ ಹೇಳಿದಿರಿ ಎಂದು ಇವರನ್ನು ಕೇಳಿದರು.

ಇವರು ಮರಾಠಿಯಲ್ಲಿ ಶುರು ಮಾಡಿದರು, ನಿಂತರು. ಮತ್ತೆ ಶುರು ಮಾಡಿದರು. ಅಷ್ಟು ವರ್ಷ ಆಫೀಸು ನಡೆಸಿದ ಮರಾಠಿ ಆ ಒಂದು ಮಾತಿಗೆ ಸಾಲಲಿಲ್ಲ. ಮೇಜು ನೋಡುತ್ತ ಕನ್ನಡದಲ್ಲಿ ಹೇಳಿದರು:

“ದುಡ್ಡು ತಿರುಗಿ ಬಂದ್ರ ಅಕ್ಕ ಖೋಲಿ ಹಿಡಿದು ಹೋಗ್ತಾಳ. ಹೋಗಬಾರದು ಅಂತ ಹಂಗಂದೆ.”

ಆ ಕೋಣೆಯಲ್ಲಿ ಇದು ತಿಳಿದದ್ದು ನಮ್ಮ ಮೂವರಿಗೆ, ಆಚೆ ಬದಿಯ ಏಜೆಂಟನಿಗೆ. ಅಕ್ಕನ ಕೈ ನನ್ನ ಕೈಯಿಂದ ಜಾರಿತು. ಹಿರಿಯರು ನನ್ನ ಕಡೆ ನೋಡಿ, “ಕಾಯ ಮ್ಹಣಾಲೇ?” ಅಂದರು. ಏನೆಂದರು?

ನಾನು ಏನಾದರೂ ಮುಚ್ಚಿ ಹೇಳಬಹುದಿತ್ತು. ಗಂಡನ ಮಾನವನ್ನು ಉಳಿಸಬೇಕೋ, ಅಕ್ಕನ ಕೋಣೆಯನ್ನೋ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ಅವರು ಹೇಳಿದ್ದನ್ನೇ, ಹೇಳಿದ ಹಾಗೇ, ಮರಾಠಿಗೆ ತಿರುಗಿಸಿದೆ. ಯಾರೂ ನಗಲಿಲ್ಲ. ಏಜೆಂಟ್ ತನ್ನ ವಕೀಲನ ತೋಳು ಮುಟ್ಟಿ, ಸಾಕು, ಅಣ್ಣಾರ ಹೇಳಿದ್ದು ಖರೆ ಎಂದ. ಒಂದೇ ಸಲಕ್ಕೆ ಆಗುವುದಿಲ್ಲ, ಕಂತಿನಲ್ಲಿ ಕೊಡುತ್ತೇನೆ ಎಂದ. ಹೊರಗೆ ಬಂದ ಮೇಲೆ ನಮ್ಮ ವಕೀಲರು ಹೇಳಿದರು, ತನ್ನ ಮರ್ಯಾದೆಯನ್ನೇ ಕಳೆಯುವ ಇಂಥ ಕಾರಣವನ್ನು ಯಾರೂ ಕಟ್ಟಿ ಹೇಳುವುದಿಲ್ಲ, ಅದಕ್ಕೇ ನಂಬಿದರು ಎಂದು. ಆಕೆಗೆ ಖುಷಿಯಾಗಿತ್ತು. ನಾನು ಥ್ಯಾಂಕ್ಸ್ ಹೇಳುವುದನ್ನೂ ಮರೆತೆ.

ಕಾತ್ರಜದ ಬಸ್ಸಿನಲ್ಲಿ ಹಿಂದಿನ ಉದ್ದ ಸೀಟು ಸಿಕ್ಕಿತು. ಅಕ್ಕ ಕಿಟಕಿಗೆ, ನಾನು ನಡುವೆ, ಇವರು ಈಚೆ. ಸ್ವಾರಗೇಟ್ ಬಂದ ಮೇಲೆ ಅಕ್ಕ ನನ್ನನ್ನು ದಾಟಿ ತಮ್ಮನನ್ನು ನೋಡಿದಳು.

“ಇರು ಅಂತ ಒಮ್ಮೆರೆ ನನಗ ಅಂದೀಯೇನು?”

ಇವರು, “ನಿನ್ನ ಮನಿನs ಅಲ್ಲೇನು ಅಕ್ಕಾ? ಅದನ್ನೇನ ಹೇಳೂದು?” ಅಂದರು.

“ಮಂದಿ ಏನಂತಾರ ಅಂದಿ. ಉಗುಳ್ತಾರ ಅಂದಿ. ನೀ ಇರು, ನನಗ ನೀ ಬೇಕು ಅಂತ ಅಂದಿದ್ರ ಇರ್ತಿದ್ದೆ. ಖೋಲಿ ಮಾತs ತಗೀತಿರಲಿಲ್ಲ.”

“ಈಗ ಅಂತೀನಿ. ಇರು.”

“ಈಗ ಬ್ಯಾಡ,” ಅಂದಳು ಅಕ್ಕ. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಅಂದಿದ್ದರೆ ಒಲಿಸಬಹುದಿತ್ತು. ಇವರು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೂತರು. ನನಗೆ ಮೊದಲ ಸಲ ಗಂಡನ ಮೇಲೆ ಕನಿಕರ ಬಂತು, ಹಿಂದೆಯೇ ಅಕ್ಕನ ಮೇಲೆ ಹೊಟ್ಟೆಕಿಚ್ಚೂ ಬಂತು. ನಡುವೆ ಕೂತವಳನ್ನು ಯಾರೂ ಏನೂ ಕೇಳಲಿಲ್ಲ. ಅಕ್ಕನಿಲ್ಲದ ಆ ಮನೆಯಲ್ಲಿ ಇನ್ನು ಇವರ ಜೊತೆ ಇರಬೇಕಾದವಳು ನಾನು.

ಮೊದಲ ಕಂತು ಬಂದ ವಾರವೇ ಅಕ್ಕ ಹಿಂದಿನ ಓಣಿಯಲ್ಲಿ ಬೇರೊಂದು ಕೋಣೆ ಹಿಡಿದಳು. ಸಾಮಾನೆಂದರೆ ಎರಡು ಟ್ರಂಕು, ಒಂದು ರೊಟ್ಟಿ ಹಂಚು, ಒಂದು ಗಾದಿ. ಗಾದಿಯನ್ನು ಬೇರೆ ಯಾರಿಗೂ ಕೊಡದೆ ಇವರೇ ತಲೆಯ ಮೇಲೆ ಹೊತ್ತು ಮುಂದೆ ನಡೆದರು. ಓಣಿಯವರು ನೋಡುತ್ತಿದ್ದರು, ಒಬ್ಬಿಬ್ಬರು ಕೇಳಿಯೂ ಕೇಳಿದರು. ಇವರು ನಿಲ್ಲದೆ ನಡೆದರು. ಅಕ್ಕ ಬಾಗಿಲು ತೆಗೆದು ಒಳಗೆ ಹೋಗಿ ಕಸ ಹೊಡೆಯತೊಡಗಿದಳು. ನಾನು ಹಂಚು ಹಿಡಿದು ಅವಳ ಹಿಂದೆ ಹೋದೆ. ಇವರು ಮಾತ್ರ, ಅವಳು ಒಳಗೆ ಬಾ ಎಂದು ಕರೆಯುವವರೆಗೂ, ಗಾದಿ ಹೊತ್ತುಕೊಂಡು ಹೊಸ್ತಿಲ ಹೊರಗೇ ನಿಂತಿದ್ದರು.